ಅಣ್ಣನ ಗತಿ ಏನಾಯಿತು?

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಸುತ್ತಣ ಸೀಮೆಗೆ ಸಗರನಾಡು ಎಂಬ ಹಳೆಯ ಹೆಸರಿದೆ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ನಾಡು ಇದು. ಮೊದಲು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದು, 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯೆಂದು ಬೇರೆಯಾಯಿತು. ಈ ಸೀಮೆಯಲ್ಲಿ, ಸುರಪುರ ತಾಲ್ಲೂಕಿನಲ್ಲಿ, ಏವೂರು ಎಂಬ ಒಂದು ಹಳ್ಳಿಯಿದೆ. ಊರು ಸಣ್ಣದು. ಆದರೆ ಇತಿಹಾಸದ ವಿದ್ಯಾರ್ಥಿಗಳಿಗೆ ಅದರ ಹೆಸರು ದೊಡ್ಡದು. ಕಲ್ಯಾಣದ ಚಾಲುಕ್ಯರ ವಂಶಾವಳಿಯನ್ನು ಹೇಳುವ ಒಂದು ಪ್ರಸಿದ್ಧ ಶಾಸನ ದೊರೆತದ್ದು ಅಲ್ಲಿ. ಅದರ ಕಾಲ ಕ್ರಿ. ಶ. 1077. ಇಂದಿನ ನನ್ನ ಮಾತು ಆ ಶಾಸನದಿಂದ ಆರಂಭವಾಗುತ್ತದೆ. ಎಲ್ಲಿ ಮುಗಿಯುತ್ತದೆಂಬುದನ್ನು ಕೇಳುಗರು ಕೊನೆಯಲ್ಲಿ ಕ್ಷಮಿಸಬೇಕು.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು. ಶಾಸನಗಳನ್ನು ಓದಿಸುವಾಗ ಆರನೆಯ ವಿಕ್ರಮಾದಿತ್ಯನ ಹೆಸರು ಬಂದರೆ ನನ್ನ ಧ್ವನಿ ತಾನಾಗಿ ಏರುತ್ತಿತ್ತು. ಕಲ್ಯಾಣದಲ್ಲಿ ಕುಳಿತು ಐವತ್ತು ವರ್ಷ, ಎಂದರೆ 1076ರಿಂದ 1126ರವರೆಗೆ, ಆಳಿದವನು. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದವನು. ಕಾಶ್ಮೀರದಿಂದ ಬಂದ ಕವಿಗೆ ಆಶ್ರಯ ಕೊಟ್ಟವನು. ಧರ್ಮಶಾಸ್ತ್ರಜ್ಞ ವಿಜ್ಞಾನೇಶ್ವರನ ಕಾಲದ ದೊರೆ. ಇಷ್ಟನ್ನೂ ಹೇಳಿ, "ಇವನು ಅಣ್ಣನಾದ ಸೋಮೇಶ್ವರನನ್ನು ಸೋಲಿಸಿ ಪಟ್ಟಕ್ಕೆ ಬಂದನು" ಎಂಬ ಒಂದು ವಾಕ್ಯವನ್ನು ನಡುವೆ ಬೇಗನೆ ದಾಟಿಬಿಡುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಒಕ್ಕಲುತನದ ಮನೆಯವನು, ಮಾತು ಕಡಿಮೆ. "ಸರ್, ಮುಂದ ಆ ಅಣ್ಣಗ ಏನಾತ್ರಿ?" ಎಂದು ಕೇಳಿದ.

ಪರೀಕ್ಷೆಗೆ ಬರುವ ಪ್ರಶ್ನೆ ಅದಲ್ಲ. "ಸೆರೆಯಾದನಪ್ಪ, ಕೂತ್ಕೋ" ಎಂದೆ. ಹುಡುಗ ಕುಳಿತ. ಆದರೆ ಪ್ರಶ್ನೆ ನಿಂತೇ ಉಳಿಯಿತು. ನಿವೃತ್ತನಾದ ಮೇಲೆ ಹಳೆಯ ಟಿಪ್ಪಣಿಗಳನ್ನು ತೆಗೆದು ಕುಳಿತಾಗ ಮತ್ತೆ ಎದುರಿಗೆ ಬಂತು.

ಮೊದಲು ಕಥೆಯನ್ನು ಸ್ಥೂಲವಾಗಿ ಹೇಳುತ್ತೇನೆ. ಹನ್ನೊಂದನೆಯ ಶತಮಾನದ ದಕ್ಷಿಣ ಭಾರತವೆಂದರೆ ಎರಡು ಮಹಾಶಕ್ತಿಗಳ ಅಖಾಡ. ಒಂದು ಕಡೆ ಕಲ್ಯಾಣದ ಚಾಲುಕ್ಯರು, ಇನ್ನೊಂದು ಕಡೆ ತಂಜಾವೂರು ಗಂಗೈಕೊಂಡಚೋಳಪುರಗಳ ಚೋಳರು. ನಡುವೆ ತುಂಗಭದ್ರೆ. ಪೂರ್ವಕ್ಕೆ, ಗೋದಾವರಿ ಕೃಷ್ಣೆಗಳು ಸಮುದ್ರ ಸೇರುವ ಕಡೆ, ವೆಂಗಿ ಎಂಬ ಫಲವತ್ತಾದ ನಾಡು. ವೆಂಗಿಯ ಸಿಂಹಾಸನದ ಮೇಲೆ ಯಾರು ಕುಳಿತುಕೊಳ್ಳಬೇಕೆಂಬುದೇ ಈ ಎರಡು ಮನೆತನಗಳ ತೀರದ ಜಗಳ. ಚೋಳರು ತಮ್ಮ ಹೆಣ್ಣುಮಕ್ಕಳನ್ನು ವೆಂಗಿಯ ಪೂರ್ವ ಚಾಲುಕ್ಯರಿಗೆ ಕೊಟ್ಟು ತಲೆಮಾರಿಗೊಮ್ಮೆ ಸಂಬಂಧವನ್ನು ಗಟ್ಟಿಮಾಡಿಕೊಂಡರು. ಕಲ್ಯಾಣದವರು ಸೈನ್ಯ ಕಳಿಸಿ ಆ ಗಂಟನ್ನು ಬಿಚ್ಚಲು ನೋಡಿದರು. 1054ರ ಸುಮಾರಿಗೆ ಕೊಪ್ಪದಲ್ಲಿ ನಡೆದ ಯುದ್ಧದಲ್ಲಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮ ಎರಡನೆಯ ರಾಜೇಂದ್ರನು ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡು ಯುದ್ಧವನ್ನು ಮುಂದುವರಿಸಿದನು. ಅಣ್ಣನ ಹೆಣ ಇನ್ನೂ ನೆಲದ ಮೇಲಿರುವಾಗ ತಮ್ಮನಿಗೆ ಕಿರೀಟ. ಅಲ್ಲಿ ಅದು ದ್ರೋಹವಲ್ಲ, ಸೇನೆ ಚೆದುರದಂತೆ ಹಿಡಿದ ಉಪಾಯ. ಉತ್ತರಾಧಿಕಾರವೆಂಬುದಕ್ಕೆ ಆ ಕಾಲದಲ್ಲಿ ಎಷ್ಟು ಅವಸರವಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಆ ಕೊಪ್ಪದ ಯುದ್ಧದಲ್ಲಿ ಚಾಲುಕ್ಯರ ಕಡೆಯ ದೊರೆ ಒಂದನೆಯ ಸೋಮೇಶ್ವರ, ಆಹವಮಲ್ಲನೆಂಬ ಬಿರುದಿನವನು. ವಾಸಿಯಾಗದ ರೋಗ ತಗುಲಿ, 1068ರಲ್ಲಿ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ನೀರಿಗಿಳಿದು ದೇಹ ಬಿಟ್ಟನು. ಹಿರಿಯ ಮಗ ಭುವನೈಕಮಲ್ಲ ಸೋಮೇಶ್ವರ ಪಟ್ಟಕ್ಕೆ ಬಂದನು. ಎರಡನೆಯವನು ವಿಕ್ರಮಾದಿತ್ಯ. ಅವನಿಗಿಂತ ಚಿಕ್ಕವನು ಜಯಸಿಂಹ. ತಂದೆಯ ಕಾಲದಲ್ಲಿ ಯುದ್ಧಗಳನ್ನು ಮಾಡಿ ಹೆಸರು ಪಡೆದವನು ಎರಡನೆಯ ಮಗ. ಹಕ್ಕು ಮಾತ್ರ ಹಿರಿಯನದು. ಕಷ್ಟಕ್ಕೆ ಬೀಜ ಬಿದ್ದದ್ದು ಇಲ್ಲಿ.

ಮುಂದೆ ನಡೆದುದಕ್ಕೆ ನಮಗೆ ಮುಖ್ಯ ಆಧಾರ ಬಿಲ್ಹಣನ 'ವಿಕ್ರಮಾಂಕದೇವಚರಿತ'. ಹದಿನೆಂಟು ಸರ್ಗಗಳ ಈ ಸಂಸ್ಕೃತ ಕಾವ್ಯದ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಕಂಡು, ಮರುವರ್ಷ ಅಚ್ಚು ಮಾಡಿಸಿದರು. ಬಿಲ್ಹಣ ಹೇಳುವುದು ಹೀಗೆ: ತಂದೆ ಯುವರಾಜಪಟ್ಟವನ್ನು ವಿಕ್ರಮಾದಿತ್ಯನಿಗೇ ಕೊಡಲು ಬಯಸಿದನು. ಅಣ್ಣನಿರುವಾಗ ತನಗೆ ಸಲ್ಲದೆಂದು ಈತ ನಿರಾಕರಿಸಿದನು. ತಂದೆಯ ಮರಣದ ನಂತರ, ದಿಗ್ವಿಜಯದಲ್ಲಿ ದೊರೆತ ಸಂಪತ್ತನ್ನೆಲ್ಲ ತಂದು ಅಣ್ಣನ ಮುಂದೆ ಇಟ್ಟನು. ಆದರೆ ಅಣ್ಣ ಮದದಿಂದ ಕೆಟ್ಟನು. ತಮ್ಮನ ಮೇಲೆ ಸಂಶಯಗೊಂಡನು. ವಿಧಿಯಿಲ್ಲದೆ ವಿಕ್ರಮಾದಿತ್ಯ ಕಿರಿಯ ತಮ್ಮನನ್ನು ಕರೆದುಕೊಂಡು ರಾಜಧಾನಿಯನ್ನು ಬಿಟ್ಟನು. ಅಣ್ಣ ದಂಡು ಕಳಿಸಿದನು. ಇಷ್ಟವಿಲ್ಲದಿದ್ದರೂ ತಮ್ಮ ಅದನ್ನು ನಾಶಮಾಡಬೇಕಾಯಿತು. ತುಂಗಭದ್ರೆಯ ತೀರಕ್ಕೆ ಬಂದಾಗ ಚೋಳರಾಜ ತಾನಾಗಿಯೇ ದೂತನನ್ನು ಕಳಿಸಿ ಸ್ನೇಹವನ್ನು ಬೇಡಿ ಮಗಳನ್ನು ಕೊಟ್ಟನು.

ಈಗ ಇದೇ ಘಟನೆಯನ್ನು ಹೊಳೆಯ ಆಚೆ ದಡದಿಂದ ಕೇಳೋಣ. ಆ ಚೋಳರಾಜನೆಂದರೆ ವೀರರಾಜೇಂದ್ರ. ಅವನ ತಮಿಳು ಶಾಸನಗಳು ಹೇಳುವ ಕಥೆ ಬೇರೆ. ಹೊಸದಾಗಿ ಪಟ್ಟಕ್ಕೆ ಬಂದ ಸೋಮೇಶ್ವರನು ಕೊರಳಿನ ಕಂಠಿಕೆಯನ್ನು ಬಿಚ್ಚುವ ಮೊದಲೇ ತಾನು ಕಂಪಿಲಿಯನ್ನು ಸುಟ್ಟೆನೆಂದೂ, ತನ್ನ ಕಾಲಿಗೆ ಬಂದ ವಿಕ್ರಮಾದಿತ್ಯನಿಗೆ ಕಂಠಿಕೆಯನ್ನು ತೊಡಿಸಿ, ರಟ್ಟಪಾಡಿ ಏಳೂವರೆ ಲಕ್ಷದ ನಾಡನ್ನು ಗೆದ್ದುಕೊಟ್ಟೆನೆಂದೂ ಅವನು ಬರೆಯಿಸುತ್ತಾನೆ. ಒಂದೇ ಮದುವೆ, ಒಂದೇ ಮೈತ್ರಿ. ಈ ದಡದ ಕವಿಗೆ ಬೇಡಿ ಬಂದವನು ಚೋಳ. ಆ ದಡದ ಶಾಸನಕ್ಕೆ ಕಾಲಿಗೆ ಬಿದ್ದವನು ಚಾಲುಕ್ಯ. ಗುತ್ತಿಯ ಕೋಟೆಯ ವಿಷಯದಲ್ಲಿಯೂ ಹೀಗೆಯೇ. ಮುತ್ತಿದ ಚೋಳ ಬೆನ್ನು ತೋರಿಸಿ ಓಡಿದನೆಂದು ಸೋಮೇಶ್ವರನ ಕಡೆಯವರು ಬರೆದರು. ಸೋತೆವೆಂದು ಯಾರೂ ಕಲ್ಲಿನಲ್ಲಿ ಕೊರೆಯಿಸುವುದಿಲ್ಲ. ಕಲ್ಲುಕುಟಿಗನಿಗೆ ಕೂಲಿ ಕೊಡುವವನು ಗೆದ್ದವನು, ಇಲ್ಲವೆ ಗೆದ್ದೆನೆಂದು ಹೇಳಿಕೊಳ್ಳುವವನು.

ಮೈತ್ರಿಗಳ ಸ್ವಭಾವವೆಂಥದೆಂಬುದಕ್ಕೆ ಮುಂದಿನ ಎರಡು ವರ್ಷಗಳೇ ಸಾಕ್ಷಿ. 1070ರಲ್ಲಿ ವೀರರಾಜೇಂದ್ರ ತೀರಿಕೊಂಡನು. ವಿಕ್ರಮಾದಿತ್ಯ ಕಂಚಿಗೆ ಧಾವಿಸಿ, ಹೆಂಡತಿಯ ಸೋದರನಾದ ಅಧಿರಾಜೇಂದ್ರನನ್ನು ಸಿಂಹಾಸನದ ಮೇಲೆ ಕೂರಿಸಿ ಹಿಂದಿರುಗಿದನು. ಕೆಲವೇ ದಿನಗಳಲ್ಲಿ ಆ ತರುಣ ದಂಗೆಯಲ್ಲಿ ಹತನಾದನು. ಆ ಸಿಂಹಾಸನವನ್ನು ಏರಿದವನು ವೆಂಗಿಯ ರಾಜಕುಮಾರ ರಾಜೇಂದ್ರ. ಚರಿತ್ರೆಯಲ್ಲಿ ಒಂದನೆಯ ಕುಲೋತ್ತುಂಗ ಚೋಳನೆಂದು ಹೆಸರಾದವನು. ತಂದೆಯ ಕಡೆಯಿಂದ ಇವನು ಪೂರ್ವ ಚಾಲುಕ್ಯ. ತಾಯಿ ಅಮ್ಮಂಗದೇವಿ ಚೋಳ ರಾಜೇಂದ್ರನ ಮಗಳು. ವೆಂಗಿಯನ್ನು ಕೈಯಲ್ಲಿಟ್ಟುಕೊಳ್ಳಲೆಂದು ಚೋಳರು ಮಗಳನ್ನು ಕೊಟ್ಟರು. ಆ ಮಗಳ ಮಗ ಬಂದು ಚೋಳರ ಮನೆಯನ್ನೇ ತನ್ನದಾಗಿಸಿಕೊಂಡನು. ಹಳೆಯ ರಾಜಕಾರಣದಲ್ಲಿ ಮದುವೆಯೆಂಬುದು ಒಪ್ಪಂದ ಮಾತ್ರವಲ್ಲ, ಮುಂದೆ ಹುಟ್ಟಲಿರುವ ಹಕ್ಕುದಾರನೂ ಹೌದು. ಕೊಡುವಾಗ ಇದನ್ನು ಲೆಕ್ಕ ಹಾಕಿದವರು ಕಡಿಮೆ.

ಈಗ ಪಗಡೆಯ ಹಾಸು ತಿರುಗಿತು. ತಮ್ಮನ ಶತ್ರುವಾದ ಕುಲೋತ್ತುಂಗನೊಡನೆ ಅಣ್ಣ ಸೋಮೇಶ್ವರ ಕೈ ಜೋಡಿಸಿದನು. ಮೂರು ತಲೆಮಾರಿನ ವೈರಿಗಳು ಒಬ್ಬ ತಮ್ಮನ ಭಯದಿಂದ ಮಿತ್ರರಾದರು. ವಿಕ್ರಮಾದಿತ್ಯನೂ ಸುಮ್ಮನಿರಲಿಲ್ಲ. ಗೋವೆಯ ಕದಂಬರು, ಹೊಯ್ಸಳರು, ದೇವಗಿರಿಯ ಕಡೆಯ ಸೇವುಣರು, ಉಚ್ಚಂಗಿಯ ಪಾಂಡ್ಯರು, ಹೀಗೆ ಸಾಮಂತರನ್ನು ಒಬ್ಬೊಬ್ಬರನ್ನಾಗಿ ತನ್ನತ್ತ ಸೆಳೆದನು. ಕಿರಿಯ ತಮ್ಮ ಜಯಸಿಂಹನೂ ಇವನ ಜೊತೆಗೆ. 1076ರಲ್ಲಿ ಕದನ ಮುಗಿಯಿತು. ಸೋಮೇಶ್ವರ ಸೆರೆಯಾದನು. ಬಿಲ್ಹಣನ ಪ್ರಕಾರ ತಮ್ಮನಿಗೆ ಅಣ್ಣನ ಮೇಲೆ ಕೈಯೆತ್ತಲು ಮನಸ್ಸಿರಲಿಲ್ಲ. ಶಿವನೇ ಕನಸಿನಲ್ಲಿ ಬಂದು ಯುದ್ಧಮಾಡೆಂದನು. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೇ ಮರಳಿಸಬೇಕೆಂದುಕೊಂಡನು. ಶಿವನೇ ಮತ್ತೊಮ್ಮೆ ಕೋಪಿಸಿ ಪಟ್ಟ ಕಟ್ಟಿಕೊಳ್ಳೆಂದನು. ಇತ್ತ ಕುಲೋತ್ತುಂಗನ ಶಾಸನಗಳು ತಾನು ವಿಕ್ಕಲನನ್ನು, ಎಂದರೆ ವಿಕ್ರಮಾದಿತ್ಯನನ್ನು, ನಂಗಲಿಯಿಂದ ತುಂಗಭದ್ರೆಯವರೆಗೆ ಅಟ್ಟಿಸಿಕೊಂಡು ಹೋದೆನೆನ್ನುತ್ತವೆ. ಇಬ್ಬರೂ ಗೆದ್ದರು. ಸೋತವನು ಒಬ್ಬನೇ. ಅವನ ಪರವಾಗಿ ಆ ಮೇಲೆ ಯಾವ ಶಾಸನವೂ ಇಲ್ಲ.

ಗೆದ್ದವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಾಲವನ್ನೇ ಹೊಸದಾಗಿ ಎಣಿಸಿದ್ದು. ಶಕವರ್ಷದ ಬದಲು ಚಾಲುಕ್ಯ ವಿಕ್ರಮವರ್ಷ. ಎರಡನೆಯ ವರ್ಷದಲ್ಲಿ ಹುಟ್ಟಿದ್ದು ನಮ್ಮ ಏವೂರಿನ ಶಾಸನ. ಈ ಹಿನ್ನೆಲೆಯಲ್ಲಿ ಅದನ್ನು ಓದಿದರೆ ಅದರ ಧ್ವನಿಯೇ ಬದಲಾಗುತ್ತದೆ. ಏವೂರು ಆಗ ಕಾಳಾಮುಖ ಶೈವರ ಒಂದು ಕೇಂದ್ರ. ಸೋಮೇಶ್ವರ ಪಂಡಿತನೆಂಬ ಆಚಾರ್ಯ ಅಲ್ಲಿದ್ದನು. ದೇವಾಲಯಕ್ಕೆ ದತ್ತಿ ಬಿಡುವ ಸಂದರ್ಭ. ಆದರೆ ದತ್ತಿಗೆ ಮೊದಲು ವಂಶದ ಕಥೆ ಬರುತ್ತದೆ: ಅಯೋಧ್ಯೆಯಲ್ಲಿ 59 ಜನ ಚಾಲುಕ್ಯ ರಾಜರು ಆಳಿದರು, ಅವರ ನಂತರ 16 ಜನ ದಕ್ಷಿಣಾಪಥವನ್ನು ಆಳಿದರು, ನಡುವೆ ಕೆಲಕಾಲ ವಂಶದ ಲಕ್ಷ್ಮಿ ಮರೆಯಾಗಿದ್ದಳು, ಮತ್ತೆ ಜಯಸಿಂಹನೆಂಬವನು ಅದನ್ನು ಎತ್ತಿ ನಿಲ್ಲಿಸಿದನು, ಎಂದು ಹೀಗೆ ಸಾಗುತ್ತದೆ. ಬಾದಾಮಿಯ ಹಳೆಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಅಯೋಧ್ಯೆಯ ಮಾತನ್ನೆತ್ತಿದವರಲ್ಲ. ಈ ಉದ್ದವಾದ ಸರಪಳಿ ಕಲ್ಯಾಣದವರ ಕಾಲದಲ್ಲಿ ಬೆಳೆದದ್ದು. ಇದೇ ವಂಶಾವಳಿ ಮೊದಲಿನ ತಾಮ್ರಪಟಗಳಲ್ಲಿಯೂ ಇದೆ. ಆದ್ದರಿಂದ ಇದು ವಿಕ್ರಮಾದಿತ್ಯನೊಬ್ಬನ ಕಲ್ಪನೆಯಲ್ಲ. ಆದರೆ ಅಣ್ಣನನ್ನು ಸೆರೆಯಲ್ಲಿಟ್ಟು ಒಂದೇ ವರ್ಷವಾಗಿರುವಾಗ, ಅಯೋಧ್ಯೆಯಿಂದ ಇಳಿದು ಬಂದ ಸರಪಳಿಯ ಕೊನೆಯ ಕೊಂಡಿ ನಾನೇ ಎಂದು ಕಲ್ಲಿನಲ್ಲಿ ಓದಿಸಿಕೊಳ್ಳುವವನ ಅಗತ್ಯ ಬೇರೆಯೇ ಆಗಿರುತ್ತದೆ.

ಈ ಆಳ್ವಿಕೆಯ ಶಾಸನಗಳಲ್ಲಿ ಸೋಮೇಶ್ವರನ ಪ್ರಸ್ತಾಪ ಬಂದಾಗ, ಅವನು ಮದದಿಂದ ಪ್ರಜೆಗಳನ್ನು ಮರೆತನು, ಆದ್ದರಿಂದ ಗುಣವಂತನಾದ ತಮ್ಮ ರಾಜ್ಯಭಾರವನ್ನು ಹೊತ್ತನು ಎಂಬ ಬಗೆಯ ಮಾತು ಸಿಗುತ್ತದೆ. ಅದು ನಿಜವಿರಲೂಬಹುದು. ಎಂಟು ವರ್ಷ ಆಳಿದ ಆ ದೊರೆ ದಡ್ಡನೋ ದುಷ್ಟನೋ ಆಗಿದ್ದಿರಬಹುದು. ಆದರೆ ಹಾಗೆ ಹೇಳುವವನು ಯಾರು? ಅವನ ಸಿಂಹಾಸನದ ಮೇಲೆ ಕುಳಿತವನು. ಸೆರೆಮನೆ ಎಲ್ಲಿತ್ತು, ಅವನು ಎಷ್ಟು ದಿನ ಬದುಕಿದ, ಹೆಂಡತಿ ಮಕ್ಕಳು ಏನಾದರು? ಏವೂರಿನ ಶಾಸನ ಹೇಳುವುದಿಲ್ಲ. ಬಿಲ್ಹಣನೂ ಹೇಳುವುದಿಲ್ಲ. ಹಿಂದಿನ ಬೆಂಚಿನ ಆ ಹುಡುಗ ಕೇಳಿದ್ದು ಇದನ್ನೇ.

ಕಥೆಯ ಬಾಲವೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಅಣ್ಣನ ಮೇಲೆ ಏಳುವಾಗ ಜೊತೆಗಿದ್ದ ಕಿರಿಯ ತಮ್ಮ ಜಯಸಿಂಹ, ಬನವಾಸಿಯನ್ನು ಆಳುತ್ತಿದ್ದವನು, ಕೆಲವು ವರ್ಷಗಳಲ್ಲಿ ವಿಕ್ರಮಾದಿತ್ಯನ ಮೇಲೆಯೇ ತಿರುಗಿಬಿದ್ದು ಸೋತು ಸೆರೆಯಾದನು. ದಾರಿ ತೋರಿಸಿದವನು ಅಣ್ಣನೇ ಅಲ್ಲವೆ? ಸಹಾಯಕ್ಕೆ ಬಂದ ಸಾಮಂತರೂ ಪುಕ್ಕಟೆ ಬಂದವರಲ್ಲ. ಹೊಯ್ಸಳರ ವಿಷ್ಣುವರ್ಧನನು ಮುದಿ ವಿಕ್ರಮಾದಿತ್ಯನ ಎದುರು ಕತ್ತಿ ಹಿಡಿದನು. ಶತಮಾನ ಮುಗಿಯುವುದರೊಳಗೆ ಹೊಯ್ಸಳರು, ಸೇವುಣರು, ಕಾಕತೀಯರು ಕಲ್ಯಾಣದ ಸಾಮ್ರಾಜ್ಯವನ್ನು ಹಂಚಿಕೊಂಡರು. ಅದಕ್ಕೂ ಮೊದಲು ಕಳಚುರಿ ಬಿಜ್ಜಳ ಸಿಂಹಾಸನವನ್ನು ಕಸಿದಾಗಿತ್ತು. ಅಣ್ಣತಮ್ಮಂದಿರ ಜಗಳದಲ್ಲಿ ನೆರೆಯವರನ್ನು ಅಂಗಳಕ್ಕೆ ಕರೆದರೆ, ಜಗಳ ಮುಗಿದ ಮೇಲೆಯೂ ಅವರು ಅಂಗಳ ಬಿಟ್ಟು ಹೋಗುವುದಿಲ್ಲ.

ಇದು ಹನ್ನೊಂದನೆಯ ಶತಮಾನಕ್ಕೆ ಮಾತ್ರ ಸೇರಿದ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮ ಸಗರನಾಡಿನ ನೆಲದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. 1397ರಲ್ಲಿ ಬಹಮನಿ ಸಿಂಹಾಸನಕ್ಕಾಗಿ ಕಲಬುರಗಿಯಲ್ಲಿ ಸಂಚು ನಡೆದು, ಹುಡುಗ ಸುಲ್ತಾನನ ಕಣ್ಣು ಕಿತ್ತಾಗ, ಫಿರೋಜ್ ಮತ್ತು ಅಹಮದ್ ಎಂಬ ಸೋದರರು ಓಡಿ ಬಂದು ಆಶ್ರಯ ಪಡೆದದ್ದು ಶಹಾಪುರದ ಬಳಿಯ ಸಗರದ ಕೋಟೆಯಲ್ಲಿ. ಅಲ್ಲಿಂದ ಹೊರಟು ಫಿರೋಜ್ ಸುಲ್ತಾನನಾದನು. ಇಪ್ಪತ್ತೈದು ವರ್ಷದ ನಂತರ, 1422ರಲ್ಲಿ, ಮಗನಿಗೆ ರಾಜ್ಯ ಉಳಿಸಬೇಕೆಂದು ಹೆಣಗುತ್ತಿದ್ದ ಅದೇ ಫಿರೋಜನಿಂದ ಸಿಂಹಾಸನವನ್ನು ಪಡೆದವನು, ಸಗರಕ್ಕೆ ಜೊತೆಯಲ್ಲಿ ಓಡಿ ಬಂದಿದ್ದ ತಮ್ಮ ಅಹಮದನೇ.

ಇನ್ನೊಂದು ದೃಶ್ಯ 1705ರದು. ತಂದೆ ಷಹಜಹಾನನನ್ನು ಆಗ್ರಾ ಕೋಟೆಯಲ್ಲಿ ಸೆರೆಯಿಟ್ಟು, ಅಣ್ಣ ದಾರಾನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದಿದ್ದ ಔರಂಗಜೇಬನು, ಎಂಬತ್ತಾರು ದಾಟಿದ ವಯಸ್ಸಿನಲ್ಲಿ, ಸುರಪುರದ ಬೇಡ ನಾಯಕರ ವಾಗಣಗೇರಿಯ ಕೋಟೆಯನ್ನು ತಾನೇ ಎದುರಿಗೆ ನಿಂತು ಮುತ್ತಿದನು. ಪಿಡ್ಡ ನಾಯಕನಿಗೆ ಮರಾಠರ ಧನಾಜಿ ಜಾಧವನ ಮೈತ್ರಿಯಿತ್ತು. ಸುಮಾರು ಮೂರು ತಿಂಗಳ ಮೇಲೆ ಕೋಟೆ ಬಿತ್ತು, ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಬಾದಶಹನ ಕೊನೆಯ ಮುತ್ತಿಗೆ ಅದು. ಹತ್ತಿರದ ದೇವಾಪುರದಲ್ಲಿ ಬೀಡು ಬಿಟ್ಟಾಗ ಅವನು ತೀವ್ರವಾಗಿ ಕಾಯಿಲೆ ಬಿದ್ದನು. ಆಗ ಶಿಬಿರದಲ್ಲಿದ್ದವರ ಭಯ ಒಂದೇ: ಇವನು ಕಣ್ಣು ಮುಚ್ಚಿದರೆ ಮಕ್ಕಳು ಏನು ಮಾಡುತ್ತಾರೆ? 1707ರಲ್ಲಿ ಅವನು ಅಹಮದ್‌ನಗರದಲ್ಲಿ ತೀರಿಕೊಂಡಾಗ ಮಕ್ಕಳು ತಂದೆ ಮಾಡಿದ್ದನ್ನೇ ಮಾಡಿದರು. ಮೂವರಲ್ಲಿ ಇಬ್ಬರು ಎರಡು ವರ್ಷಗಳೊಳಗೆ ಯುದ್ಧದಲ್ಲಿ ಸತ್ತರು.

ಸುರಪುರ ಸಂಸ್ಥಾನದ ಅಂತ್ಯವೂ ಉತ್ತರಾಧಿಕಾರದ ಬಾಗಿಲಿನಿಂದಲೇ ಒಳಗೆ ಬಂತು. 1841ರಲ್ಲಿ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಎಳೆಯ ಹುಡುಗ. ಆಡಳಿತ ತಾಯಿ ರಾಣಿ ಈಶ್ವರಮ್ಮನದೋ, ಗತಿಸಿದ ದೊರೆಯ ತಮ್ಮನದೋ ಎಂಬ ಜಗಳದಲ್ಲಿ ಮೆಡೋಸ್ ಟೇಲರ್ ಬ್ರಿಟಿಷರ ಪ್ರತಿನಿಧಿಯಾಗಿ ಬಂದು, 1853ರವರೆಗೆ ಸಂಸ್ಥಾನವನ್ನು ನಡೆಸಿದನು. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದನು. 1858ರಲ್ಲಿ ಅದೇ ಹುಡುಗ, ಈಗ ದೊರೆ, ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದನು. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತನು. ಅವನು ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಸುರಪುರದಲ್ಲಿ ಹಿರಿಯರ ಬಾಯಿಂದ ನಾನು ಕೇಳಿದ ಮಾತು ಹಾಗಿಲ್ಲ. ಟೇಲರ್ ಸುಳ್ಳುಗಾರನಲ್ಲ, ಆ ಹುಡುಗನನ್ನು ಪ್ರೀತಿಸಿದವನು. ಆದರೂ ಲೇಖನಿ ಅವನ ಕೈಯಲ್ಲಿತ್ತು. ವೆಂಕಟಪ್ಪ ನಾಯಕ ತನ್ನ ಕಥೆಯನ್ನು ಬರೆದುಕೊಳ್ಳಲು ಬದುಕಿ ಉಳಿಯಲಿಲ್ಲ.

ಹಾಗಾದರೆ ಸೋತವನ ಮಾತನ್ನು ಕೇಳುವ ಕಿವಿ ನಮ್ಮಲ್ಲಿ ಇರಲೇ ಇಲ್ಲವೆ? ಇತ್ತು. ಬಿಲ್ಹಣನಿಗಿಂತ ಸುಮಾರು ನೂರು ವರ್ಷ ಮೊದಲು, ಇದೇ ಚಾಲುಕ್ಯ ಮನೆತನದ ಆಶ್ರಯದಲ್ಲಿ ರನ್ನ 'ಗದಾಯುದ್ಧ'ವನ್ನು ಬರೆದನು. ಅದೂ ದಾಯಾದಿಗಳ ಯುದ್ಧದ ಕಥೆಯೇ. ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆಯಬೇಕಾದ ಕಾವ್ಯ. ರನ್ನ ಆ ಋಣವನ್ನು ತೀರಿಸಿದನು. ಆದರೆ ಆ ಕಾವ್ಯವನ್ನು ಮುಚ್ಚಿಟ್ಟ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವವನು ಯಾರು? ರಣಭೂಮಿಯಲ್ಲಿ ತಮ್ಮಂದಿರ, ಮಕ್ಕಳ, ಕರ್ಣನ ಹೆಣಗಳ ನಡುವೆ ಒಬ್ಬನೇ ನಡೆದುಹೋಗುವ ದುರ್ಯೋಧನ. ಒಡೆಯನ ಅನ್ನ ತಿಂದೂ ಎದುರಾಳಿಯ ಕಣ್ಣೀರನ್ನು ಕಾಣಬಲ್ಲವನು ರನ್ನ. ಬಿಲ್ಹಣನ ಕಾವ್ಯದಲ್ಲಿ ವರ್ಣನೆಯ ಸೊಬಗಿದೆ, ವಿದ್ವತ್ತಿದೆ. ವಿದ್ಯಾಪತಿ ಎಂಬ ಬಿರುದೂ ಕವಿಗೆ ದೊರೆಯಿತು. ಅಣ್ಣನಿಗೆ ಮಾತ್ರ ಅಲ್ಲಿ ಒಂದು ನಿಟ್ಟುಸಿರೂ ಇಲ್ಲ. ಇಬ್ಬರೂ ಆಸ್ಥಾನ ಕವಿಗಳೇ. ಆಸ್ಥಾನ ಎಲ್ಲವನ್ನೂ ಕೊಂಡುಕೊಳ್ಳುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲವೆಂಬುದಕ್ಕೆ ರನ್ನನೇ ಸಾಕ್ಷಿ.

ಇನ್ನೊಬ್ಬನನ್ನು ಇಲ್ಲಿ ನೆನೆಯಬೇಕು. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನ ಬರೆದನು. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗ ನಡೆದರೆ, ಭಾರತದ ಉಳಿದ ಬಹುಭಾಗದಲ್ಲಿ ಹಿಂದೂ ಮನೆತನಗಳ ಆಸ್ತಿ ಹಂಚಿಕೆ ನಡೆದದ್ದು ಈ ಗ್ರಂಥದ ಮೇಲೆ. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆಯೂ ಮಿತಾಕ್ಷರದ ಅವಿಭಕ್ತ ಕುಟುಂಬದ ಕಲ್ಪನೆ ಉಳಿದುಕೊಂಡಿತು. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಆ ಹಕ್ಕಿನೊಳಕ್ಕೆ ತಂದಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಮಿತಾಕ್ಷರದ ಮೂಲ ನಿಯಮ. ಹಿರಿಯನಿಗೆ ಹೆಚ್ಚು ಪಾಲೆಂಬ ಹಳೆಯ ವಿಧಿ ಶಾಸ್ತ್ರದಲ್ಲಿದ್ದರೂ, ಲೋಕಕ್ಕೆ ಅದು ಒಪ್ಪಿಗೆಯಿಲ್ಲದ್ದರಿಂದ ಆಚರಿಸಬಾರದೆಂದು ವಿಜ್ಞಾನೇಶ್ವರ ವಾದಿಸುತ್ತಾನೆ. ಅಣ್ಣತಮ್ಮಂದಿರು ಸಮವಾಗಿ ಹಂಚಿಕೊಳ್ಳಬೇಕು. ಗ್ರಂಥದ ಕೊನೆಗೆ ಕಲ್ಯಾಣಪುರವನ್ನೂ ದೊರೆ ವಿಕ್ರಮಾದಿತ್ಯನನ್ನೂ ಹೊಗಳುತ್ತಾನೆ. ಅಣ್ಣನ ಪಾಲನ್ನೆಲ್ಲ ತೆಗೆದುಕೊಂಡ ದೊರೆಯ ಊರಿನಲ್ಲಿ ಅಣ್ಣತಮ್ಮಂದಿರ ಸಮಪಾಲಿನ ಶಾಸ್ತ್ರ ಹುಟ್ಟಿತು. ರಾಜ್ಯ ಹಂಚುವ ವಸ್ತುವಲ್ಲ ಎನ್ನಬಹುದು. ಸರಿ. ಹೊಲ ಹಂಚುವ ವಸ್ತು.

ಆ ಹುಡುಗನ ಪ್ರಶ್ನೆ ನನ್ನನ್ನು ಯಾಕೆ ಬಿಡಲಿಲ್ಲವೆಂಬುದನ್ನು ಈಗ ಹೇಳಬೇಕು. ನಮ್ಮ ತಂದೆ ತೀರಿಕೊಂಡ ಮೇಲೆ, 1988ರಲ್ಲಿ, ನನಗೂ ನಮ್ಮ ಅಣ್ಣನಿಗೂ ಪಾಲಾಯಿತು. ಅಣ್ಣ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ನೇಗಿಲು ಹಿಡಿದವನು. ನಾನು ಎಂ. ಎ. ಓದಿದ್ದು ಅವನ ಬೆವರಿನಿಂದ. ಊರಿನ ಹಿರಿಯರು "ಕಲಿತವ ನೀನು, ನೀನ ಬರಿಯಪಾ" ಎಂದು ವಾಟ್ನಿಪತ್ರವನ್ನು ನನ್ನ ಕೈಯಿಂದಲೇ ಬರೆಯಿಸಿದರು. ಊರ ಕೆಳಗಿನ ಎರೆಹೊಲ ನನಗೆ, ಮೇಲಿನ ಮಡ್ಡಿ ಅಣ್ಣನಿಗೆ. ಎಕರೆಯ ಲೆಕ್ಕದಲ್ಲಿ ಸಮವೇ. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಮುಂದೆ ಯಾವ ಹೊಲಗಳಿಗೆ ಬರಬಹುದೆಂಬುದನ್ನು ನಾನು ಪೇಟೆಯಲ್ಲಿ ವಿಚಾರಿಸಿ ತಿಳಿದುಕೊಂಡಿದ್ದೆ. ಅಣ್ಣನಿಗೆ ತಿಳಿದಿರಲಿಲ್ಲ. ನಾನು ಹೇಳಲಿಲ್ಲ. "ಹಿರಿಯರು ಸ್ವಸಂತೋಷದಿಂದ ಮೇಲಿನ ಹೊಲವನ್ನು ಆರಿಸಿಕೊಂಡಿದ್ದಾರೆ" ಎಂಬ ವಾಕ್ಯವನ್ನು ಪತ್ರದಲ್ಲಿ ನಾನೇ ಸೇರಿಸಿದೆ. ಅಣ್ಣ ಓದದೆ ರುಜು ಮಾಡಿದ. "ತಮ್ಮ ಬರದಾನ ಅಂದ್ರ ಆತು" ಎಂದ.

ನೀರು ಬಂತು. ಮಡ್ಡಿಗೆ ಬರಲಿಲ್ಲ. ಅಣ್ಣ ಒಂದು ದಿನವೂ ಆ ಮಾತನ್ನು ಎತ್ತಲಿಲ್ಲ. ಅವನು ಈಗಿಲ್ಲ. ಆ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಮುಂದೆ ಯಾರಾದರೂ ಅದನ್ನು ಓದಿದರೆ, ನಮ್ಮ ಮನೆಯಲ್ಲಿ ಒಬ್ಬ ಉದಾರಿಯಾದ ಅಣ್ಣನೂ ಒಬ್ಬ ವಿನಯವಂತ ತಮ್ಮನೂ ಇದ್ದರೆಂದು ತಿಳಿಯುತ್ತಾರೆ. ಅಕ್ಷರ ಚೆನ್ನಾಗಿದೆ, ವ್ಯಾಕರಣದಲ್ಲಿ ತಪ್ಪಿಲ್ಲ. ಬಿಲ್ಹಣನಿಗೆ ಕನಸಿನಲ್ಲಿ ಶಿವನನ್ನಾದರೂ ಕರೆತರಬೇಕಾಯಿತು. ನನಗೆ 'ಸ್ವಸಂತೋಷದಿಂದ' ಎಂಬ ಒಂದು ಪದ ಸಾಕಾಯಿತು.

ಇದನ್ನು ಆಕಾಶವಾಣಿಯಲ್ಲಿ ಹೇಳಬೇಕೆ ಎಂದು ನಾನು ಬಹಳ ಯೋಚಿಸಿದೆ. ಪ್ರಾಚೀನ ಕಾಲದ ಯುದ್ಧ, ಮೈತ್ರಿ, ಪಟ್ಟಗಳ ಬಗ್ಗೆ ಮಾತನಾಡುವಾಗ ನಾವು ಅವುಗಳನ್ನು ರಾಜರ ವಿಷಯವೆಂದು ದೂರ ಇಡುತ್ತೇವೆ. ಕತ್ತಿ ಕಾಳಗಗಳು ರಾಜರವು, ನಿಜ. ಆದರೆ ಗೆದ್ದ ಮೇಲೆ ಬರೆಯುವ ಆ ಪಾಠ, ಸೋತವನ ಬಾಯಿಂದಲೇ ನಮ್ಮ ಹಕ್ಕನ್ನು ಹೇಳಿಸುವ ಆ ಚಾತುರ್ಯ, ಅಕ್ಷರ ಬಲ್ಲ ಯಾರ ಕೈಗಾದರೂ ಬರಬಹುದು. ಶಾಸನಗಳನ್ನು ಓದಬಾರದೆಂದು ನಾನು ಹೇಳುತ್ತಿಲ್ಲ. ಅವುಗಳಿಲ್ಲದೆ ನಮಗೆ ಚರಿತ್ರೆಯೇ ಇಲ್ಲ. ಬಿಲ್ಹಣ ಹೇಳಿದ್ದನ್ನು ತಮಿಳು ಶಾಸನದ ಜೊತೆಗಿಟ್ಟು, ಟೇಲರ್ ಬರೆದದ್ದನ್ನು ಸುರಪುರದ ಮುದುಕರ ಮಾತಿನ ಜೊತೆಗಿಟ್ಟು ಓದಬೇಕು. ಎರಡನೆಯ ಮಾತು ಸಿಗದ ಕಡೆ, ಅದು ಇತ್ತೆಂಬುದನ್ನಾದರೂ ಮರೆಯಬಾರದು.

ಹೋದ ವರ್ಷ ಅಣ್ಣನ ಮಗನನ್ನು ಕರೆದು ಎರೆಹೊಲದ ಅರ್ಧವನ್ನು ಅವನ ಹೆಸರಿಗೆ ಬರೆದುಕೊಟ್ಟೆ. ಮೂವತ್ತು ವರ್ಷ ತಡವಾಗಿ. ಅವನು ಬೇಡವೆಂದ, "ಯಾಕ್ರಿ ಕಾಕಾ ಈಗ?" ಎಂದು ಕೇಳಿದ. ಕಾರಣವನ್ನೂ ಪತ್ರದಲ್ಲಿ ಬರೆದಿದ್ದೇನೆ, ಓದಿ ರುಜು ಮಾಡು ಎಂದೆ. ಓದಿದ. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ. ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ನಾನು ಕೊಟ್ಟ ಉತ್ತರ ಸಾಲದೆಂದು ಹೇಳಲು ಬಯಸುತ್ತೇನೆ. ಸೋಮೇಶ್ವರನ ಗತಿ ಏನಾಯಿತೆಂಬುದನ್ನು ಗೆದ್ದವರು ಬರೆದಿಡಲಿಲ್ಲ, ತಮ್ಮಾ. ನೀನು ಕೇಳಿದ್ದು ಸರಿಯಾಗಿತ್ತು.

(ಆಕಾಶವಾಣಿಯ ಕೃಪೆಯಿಂದ)